ಹಾಡಿದ ಊರಿಗೆಲ್ಲ ಟ್ಯಾಕ್ಸ್ ಕಟ್ಟಬೇಕಾ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಇರುವ ಕರ್ನಾಟಕ ಸಂಗೀತ ಗಾಯಕಿ. ಮನೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಇಬ್ಬರು ಶಿಷ್ಯರು ಕ್ಯಾಲಿಫೋರ್ನಿಯಾದಿಂದ ಜೂಮ್‌ನಲ್ಲಿ ಕಲಿಯುತ್ತಾರೆ. 2025ರಲ್ಲಿ ನ್ಯೂಜೆರ್ಸಿ ಬಿಟ್ಟು ಆರು ರಾಜ್ಯಗಳಲ್ಲಿ ಹಾಡಿದೆ: ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಒಹಾಯೊ, ಇಲಿನಾಯ್. ಎಲ್ಲ ಸೇರಿ ಕಚೇರಿಗಳಿಂದ 13,000 ಡಾಲರ್ ಬಂತು. ಕ್ಯಾಲಿಫೋರ್ನಿಯಾದವರು 3,000 ಕೊಡುವಾಗ 210 ಡಾಲರ್ ಹಿಡಿದುಕೊಂಡರು. 2023ರಲ್ಲೂ ಅಲ್ಲಿ ಇನ್ನೊಂದು ಕಡೆ 140 ಹಿಡಿದಿದ್ದರು, ಆಗ ನಾನು ಏನೂ ಫೈಲ್ ಮಾಡಲಿಲ್ಲ. ಕೆಲವರು 1099 ಕಳಿಸಿದ್ದಾರೆ, ಕೆಲವರು ಝೆಲ್‌ನಲ್ಲಿ ಹಾಕಿ ಸುಮ್ಮನಾದರು, ಒಂದು ಕಡೆ ತಾಂಬೂಲದ ತಟ್ಟೆಯಲ್ಲಿ ಕವರ್ ಇಟ್ಟು ಕೊಟ್ಟರು. ನನ್ನ ಯಜಮಾನರಿಗೆ ನ್ಯೂಜೆರ್ಸಿಯಲ್ಲೇ ಕೆಲಸ, ಡಬ್ಲ್ಯು-2 ಸಂಬಳ. ನಾನು ಏಳು ರಿಟರ್ನ್ಸ್ ಫೈಲ್ ಮಾಡಬೇಕಾ? ಒಂದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್ ಕಟ್ಟಬೇಕಾ?

ಉತ್ತರ: ನಿಮ್ಮ ಪತ್ರ ಬಂದ ದಿನವೇ ಇದೇ ಪ್ರಶ್ನೆ ಕೇಳಿ ಇನ್ನೂ ಇಬ್ಬರು ಫೋನ್ ಮಾಡಿದ್ದರು. ಪ್ರತಿ ವರ್ಷ ಹೀಗೇ. ಯುಗಾದಿ ಕಾರ್ಯಕ್ರಮಗಳೂ ಏಪ್ರಿಲ್ 15ರ ಗಡುವೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. ಸಂಗೀತ ಕಚೇರಿ ಮುಗಿಸಿ ಉಸಿರು ಬಿಡುವಷ್ಟರಲ್ಲಿ ತೆರಿಗೆ ಕಚೇರಿ ನೆನಪಾಗುತ್ತದೆ.

ಮೊದಲು ಚಿಕ್ಕ ಉತ್ತರ. ಏಳು ಅಲ್ಲ, ಟೆಕ್ಸಾಸ್ ಬಿಡಿ. ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಉಳಿದ ಕಡೆ ಕಾನೂನು ಪ್ರಕಾರ ಲೆಕ್ಕ ನೋಡಲೇಬೇಕು. ಎರಡು ಸಲ ಕಟ್ಟುವ ಪ್ರಶ್ನೆಗೆ ಉತ್ತರ: ಫಾರ್ಮ್‌ಗಳನ್ನು ಸರಿಯಾದ ಕ್ರಮದಲ್ಲಿ ತುಂಬಿದರೆ ಬಹುಪಾಲು ಇಲ್ಲ. ಈ ಕ್ರಮದಲ್ಲೇ ಎಲ್ಲರೂ ಎಡವುತ್ತಾರೆ. ಆದ್ದರಿಂದ ಅದನ್ನು ನಿಧಾನವಾಗಿ ಹೇಳುತ್ತೇನೆ.

ಎರಡು ರಾಜ್ಯಗಳು ಒಂದೇ ದುಡ್ಡನ್ನು ಕೇಳುವುದು ಯಾಕೆ? ನೀವು ವಾಸ ಇರುವ ರಾಜ್ಯ, ಅಂದರೆ ನ್ಯೂಜೆರ್ಸಿ, ನೀವು ಪ್ರಪಂಚದಲ್ಲಿ ಎಲ್ಲಿ ಸಂಪಾದಿಸಿದರೂ ನನಗೆ ಲೆಕ್ಕ ಕೊಡು ಅನ್ನುತ್ತದೆ. ನೀವು ಹಾಡಿದ ರಾಜ್ಯ, ನನ್ನ ನೆಲದ ಮೇಲೆ ಕೂತು ಸಂಪಾದಿಸಿದ್ದಕ್ಕೆ ನನಗೆ ಪಾಲು ಕೊಡು ಅನ್ನುತ್ತದೆ. ಇದು ಈಗ ಹುಟ್ಟಿದ ಜಗಳ ಅಲ್ಲ. ಶಿಕಾಗೋದಲ್ಲಿ ಮನೆ ಮಾಡಿಕೊಂಡು ಒಕ್ಲಹೋಮಾದಲ್ಲಿ ಎಣ್ಣೆ ವ್ಯಾಪಾರ ಮಾಡುತ್ತಿದ್ದ ಶಾಫರ್ ಎಂಬಾತ ಇದೇ ಪ್ರಶ್ನೆ ಎತ್ತಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದ. 1920ರಲ್ಲಿ ಕೋರ್ಟ್ ಒಕ್ಲಹೋಮಾದ ಪರ ನಿಂತಿತು. ಹೊರಗಿನವನು ಒಳಗೆ ಬಂದು ಗಳಿಸಿದರೆ ಆ ಗಳಿಕೆಯ ಮೇಲೆ ರಾಜ್ಯ ತೆರಿಗೆ ಹಾಕಬಹುದು ಅಂತ ತೀರ್ಪು ಬಂತು.

ಎಣ್ಣೆ ಬಾವಿ ಒಂದು ಕಡೆ ನಿಂತಿರುತ್ತದೆ, ಕಲಾವಿದರು ನಿಲ್ಲಲ್ಲ. ಆದರೂ ಹಾಡುವವರು, ಕುಣಿಯುವವರು, ಆಡುವವರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಯಾವ ದಿನ ಯಾವ ಊರಿನಲ್ಲಿದ್ದರು ಅನ್ನುವುದು ಪೋಸ್ಟರ್‌ನಲ್ಲೇ ಇರುತ್ತದೆ, ಅಲ್ವಾ? 1991ರ ಬ್ಯಾಸ್ಕೆಟ್‌ಬಾಲ್ ಫೈನಲ್ಸ್‌ನಲ್ಲಿ ಶಿಕಾಗೋ ಬುಲ್ಸ್ ತಂಡ ಲಾಸ್ ಏಂಜಲೀಸ್‌ಗೆ ಹೋಗಿ ಲೇಕರ್ಸ್‌ನ ಸೋಲಿಸಿತು. ಕ್ಯಾಲಿಫೋರ್ನಿಯಾ ಆ ಆಟಗಾರರಿಗೆ ತೆರಿಗೆ ಹಾಕಿತು. ಇಲಿನಾಯ್‌ಗೆ ಸಿಟ್ಟು ಬಂತು. ನಮ್ಮವರಿಗೆ ತೆರಿಗೆ ಹಾಕುವ ರಾಜ್ಯದ ಆಟಗಾರರಿಗೆ ನಾವೂ ಹಾಕುತ್ತೇವೆ ಅಂತ ಕಾನೂನು ಮಾಡಿತು. ಜನ ಅದನ್ನು ಮೈಕೆಲ್ ಜಾರ್ಡನ್‌ನ ಸೇಡು ಅಂತ ಕರೆದರು. ಆಮೇಲೆ ಒಂದೊಂದೇ ರಾಜ್ಯ ಇದೇ ದಾರಿ ಹಿಡಿಯಿತು. ಕೋಟಿಗಟ್ಟಲೆ ಸಂಬಳದವರಿಗೆ ಬೀಸಿದ ಬಲೆಯಲ್ಲಿ ಈಗ 800 ಡಾಲರ್‌ಗೆ ಹಾಡುವವರೂ ಸಿಕ್ಕಿಕೊಂಡಿದ್ದಾರೆ. ಬೇರೆ ರಾಜ್ಯದಲ್ಲಿ 30 ದಿನದವರೆಗೆ ಕೆಲಸ ಮಾಡಿದ ನೌಕರರಿಗೆ ಅಲ್ಲಿನ ತೆರಿಗೆ ಬೇಡ ಅನ್ನುವ ಒಂದು ಮಸೂದೆ ವರ್ಷಗಳಿಂದ ಅಮೆರಿಕದ ಕಾಂಗ್ರೆಸ್‌ನಲ್ಲಿ ಬಂದು ಬಂದು ಹೋಗುತ್ತಿದೆ. ಅದರಲ್ಲೂ ವೃತ್ತಿಪರ ಕಲಾವಿದರನ್ನು ಹೊರಗಿಟ್ಟಿದ್ದಾರೆ. ಸಾಫ್ಟ್‌ವೇರ್‌ನವರಿಗೆ ವಿನಾಯಿತಿ, ಸಂಗೀತದವರಿಗೆ ಇಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನನಗೆ ಮೊದಲು ಬೇಕಾಗಿರುವುದು ಫಾರ್ಮ್ ಅಲ್ಲ, ನಿಮ್ಮ ಡೈರಿ. ತಾರೀಕು, ಊರು, ಕರೆದವರು, ಎಷ್ಟು ಕೊಟ್ಟರು, ಎಷ್ಟು ಹಿಡಿದರು, ಆ ಪ್ರಯಾಣಕ್ಕೆ ಆದ ಖರ್ಚು. ಒಂದು ಕಚೇರಿಗೆ ಒಂದು ಸಾಲು ಸಾಕು. ಇದು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್ಯಾಪ್ ಮೆಸೇಜ್, ಫ್ಲೈಟ್ ಟಿಕೆಟ್‌ನ ಇಮೇಲ್ ಹಿಡಿದು ಕೂತು ಇವತ್ತೇ ಬರೆಯಿರಿ. ಸಂಗೀತದವರಿಗೆ ಯಾವ ಊರಿನಲ್ಲಿ ಯಾವ ರಾಗ ಹಾಡಿದೆ ಅನ್ನುವುದು ಹತ್ತು ವರ್ಷ ಆದರೂ ನೆನಪಿರುತ್ತದೆ. ಎಷ್ಟು ಕೊಟ್ಟರು ಅನ್ನುವುದು ಮಾತ್ರ ಮೂರು ತಿಂಗಳಿಗೇ ಮರೆತುಹೋಗುತ್ತದೆ.

ಝೆಲ್ ಮತ್ತು ಕವರ್ ವಿಷಯ ಮುಗಿಸಿಬಿಡುತ್ತೇನೆ. 1099-ಎನ್‌ಇಸಿ ಅನ್ನುವುದು ಕೊಟ್ಟವರು ಸರ್ಕಾರಕ್ಕೆ ಬರೆಯುವ ಚೀಟಿ ಅಷ್ಟೆ. 2025ರಲ್ಲಿ ಒಬ್ಬರಿಗೆ 600 ಡಾಲರ್ ಅಥವಾ ಜಾಸ್ತಿ ಕೊಟ್ಟರೆ ಅವರು ಅದನ್ನು ಬರೆಯಬೇಕಿತ್ತು. 2026ರಿಂದ ಆ ಮಿತಿ 2,000 ಆಗಿದೆ. ಅಂದರೆ ಮುಂದಿನ ವರ್ಷ ನಿಮಗೆ ಇನ್ನೂ ಕಡಿಮೆ ಚೀಟಿ ಬರುತ್ತವೆ. ಚೀಟಿ ಬರಲಿಲ್ಲ ಅಂದರೆ ಆದಾಯ ಅಲ್ಲ ಅಂತ ಅರ್ಥ ಅಲ್ಲ. ಝೆಲ್‌ನಲ್ಲಿ ಬಂದರೂ ಆದಾಯ, ನಗದು ಬಂದರೂ ಆದಾಯ. ತಾಂಬೂಲದ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣದ ಜೊತೆ ಇಟ್ಟ ಕವರ್ ಬಗ್ಗೆ ಎಲ್ಲರೂ ಕೇಳುತ್ತಾರೆ: ಅದು ಉಡುಗೊರೆ ಅಲ್ವಾ? ಅಲ್ಲ. ಪ್ರೀತಿಯಿಂದ, ಏನನ್ನೂ ಎದುರು ನೋಡದೆ ಕೊಟ್ಟರೆ ಮಾತ್ರ ಉಡುಗೊರೆ ಅಂತ ಸುಪ್ರೀಂ ಕೋರ್ಟ್ 1960ರಲ್ಲೇ ಹೇಳಿದೆ. ಕಚೇರಿ ಮಾಡಿಸಿಕೊಂಡು ಕೊಟ್ಟದ್ದು ಸಂಭಾವನೆ. ಗೌರವಧನ ಅಂತ ಹೆಸರಿಟ್ಟರೂ ಅದು ಸಂಭಾವನೆಯೇ. ತೆಂಗಿನಕಾಯಿ ನಿಮ್ಮದು, ಕವರ್‌ನ ಲೆಕ್ಕ ಕೊಡಬೇಕು.

ಫೆಡರಲ್ ಲೆಕ್ಕ ಒಂದೇ ಸಲ. ಎಲ್ಲ ರಾಜ್ಯದ ಸಂಭಾವನೆ, ಪಾಠದ ಫೀಸು ಎಲ್ಲ ಸೇರಿ ಶೆಡ್ಯೂಲ್ ಸಿ, ಅಂದರೆ ಸ್ವಂತ ವ್ಯವಹಾರದ ಲೆಕ್ಕ ತೋರಿಸುವ ಹಾಳೆ. ಖರ್ಚು ಕಳೆದು ಉಳಿದದ್ದರ ಮೇಲೆ ಆದಾಯ ತೆರಿಗೆಯ ಜೊತೆಗೆ ಸೆಲ್ಫ್ ಎಂಪ್ಲಾಯ್ಮೆಂಟ್ ತೆರಿಗೆ ಇದೆ, 15.3 ಶೇಕಡಾ. ನಿವ್ವಳ ಆದಾಯ 400 ಡಾಲರ್ ಮುಟ್ಟಿದರೆ ಇದು ಶುರು. ಮೊದಲ ವರ್ಷ ಇದನ್ನು ನೋಡಿ ಎದೆ ಧಸಕ್ಕೆನ್ನದ ಕಲಾವಿದರನ್ನು ನಾನು ನೋಡಿಲ್ಲ. ರಾಜ್ಯಗಳ ತೆರಿಗೆ ಎಲ್ಲ ಸೇರಿದರೂ ಇದರ ಹತ್ತಿರ ಬರುವುದಿಲ್ಲ. ಆದರೆ ಇದಕ್ಕೂ ನೀವು ಎಲ್ಲಿ ಹಾಡಿದಿರಿ ಅನ್ನುವುದಕ್ಕೂ ಸಂಬಂಧ ಇಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ವಿಮಾನ, ಹೋಟೆಲ್, ಪಕ್ಕವಾದ್ಯದವರಿಗೆ ಕೊಟ್ಟದ್ದು, ಶ್ರುತಿಪೆಟ್ಟಿಗೆ ರಿಪೇರಿ, ಮೈಕ್, ವೆಬ್‌ಸೈಟ್ ಎಲ್ಲ ಬರುತ್ತದೆ. ಊಟದಲ್ಲಿ ಅರ್ಧ ಮಾತ್ರ. ಸ್ವಂತ ಕಾರಿನಲ್ಲಿ ಹೋದರೆ 2025ಕ್ಕೆ ಮೈಲಿಗೆ 70 ಸೆಂಟ್. ಕಚೇರಿಗೆ ಉಡುವ ರೇಷ್ಮೆ ಸೀರೆ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮದುವೆಗೂ ಉಡಬಹುದಾದ ಬಟ್ಟೆ ವೃತ್ತಿಯ ಬಟ್ಟೆ ಅಲ್ಲ ಅನ್ನುವುದು ನಿಯಮ. ಭರತನಾಟ್ಯದ ಹೊಲಿದ ಉಡುಪು ಬರುತ್ತದೆ. ಯಕ್ಷಗಾನದ ವೇಷವಂತೂ ಖಂಡಿತ ಬರುತ್ತದೆ. ಕಿರೀಟ ಕಟ್ಟಿಕೊಂಡು ಯಾರೂ ಕಾಸ್ಟ್‌ಕೋಗೆ ಹೋಗುವುದಿಲ್ಲವಲ್ಲ.

ಈಗ ಮುಖ್ಯ ಭಾಗ. ಕ್ಯಾಲಿಫೋರ್ನಿಯಾ ಕಚೇರಿಯನ್ನೇ ತೆಗೆದುಕೊಂಡು ಪೂರ್ತಿ ಲೆಕ್ಕ ಮಾಡಿ ತೋರಿಸುತ್ತೇನೆ. ಇದೊಂದು ಅರ್ಥವಾದರೆ ಉಳಿದವು ಸಲೀಸು. ಖರ್ಚಿನ ಅಂಕಿ ನಿಮ್ಮ ಪತ್ರದಲ್ಲಿ ಇಲ್ಲ, ಅದಕ್ಕೆ ನಾನೇ ಅಂದಾಜು ಹಾಕಿದ್ದೇನೆ. ನಿಮ್ಮ ಡೈರಿ ನೋಡಿ ಬದಲಾಯಿಸಿಕೊಳ್ಳಿ.

ಸಂಭಾವನೆ 3,000. ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮ ಇದೆ. ಹೊರ ರಾಜ್ಯದವರಿಗೆ ವರ್ಷಕ್ಕೆ 1,500 ಡಾಲರ್ ಮೀರಿ ಕೊಟ್ಟರೆ, ಕೊಡುವವರು 7 ಶೇಕಡಾ ಹಿಡಿದು ರಾಜ್ಯಕ್ಕೆ ಕಟ್ಟಬೇಕು. ಹಾಗಾಗಿ 210 ಹೋಯಿತು. ಆಯೋಜಕರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವರು ಮಾಡಿದ್ದು ಸರಿ. ಎಷ್ಟು ಹಿಡಿದರು ಅಂತ ತೋರಿಸುವ 592-ಬಿ ಅನ್ನುವ ಫಾರ್ಮ್ ಅವರಿಂದ ಬರಬೇಕು, ಬಂದಿಲ್ಲ ಅಂದರೆ ಕೇಳಿ ತರಿಸಿಕೊಳ್ಳಿ. ಇದು ನಮ್ಮ ಊರಿನ ಟಿಡಿಎಸ್ ಇದ್ದ ಹಾಗೆ. ಹಿಡಿದದ್ದು ತೆರಿಗೆ ಅಲ್ಲ, ತೆರಿಗೆಯ ಮುಂಗಡ.

ಆ ಕಚೇರಿಗೇ ಆದ ಖರ್ಚು: ವಿಮಾನ 420, ಎರಡು ರಾತ್ರಿ ಹೋಟೆಲ್ 310, ಟ್ಯಾಕ್ಸಿ 60, ಪಿಟೀಲಿನವರಿಗೆ 500, ಮೃದಂಗದವರಿಗೆ 500, ಊಟ 80, ಅದರಲ್ಲಿ ಅರ್ಧ 40. ಒಟ್ಟು 1,830. ಉಳಿದದ್ದು 1,170. ಇನ್ನು ಮೈಕ್, ವೆಬ್‌ಸೈಟ್ ಥರದ ಎಲ್ಲ ಕಚೇರಿಗಳಿಗೂ ಸೇರಿದ ಖರ್ಚು ವರ್ಷಕ್ಕೆ 1,300 ಅಂದುಕೊಳ್ಳೋಣ. ನಿಮ್ಮ ಒಟ್ಟು ಸಂಭಾವನೆ 13,000, ಅದರಲ್ಲಿ ಕ್ಯಾಲಿಫೋರ್ನಿಯಾದ್ದು 3,000. ಅದೇ ಅನುಪಾತದಲ್ಲಿ 1,300ರಲ್ಲಿ 300 ಅಲ್ಲಿಗೆ ಹೋಗುತ್ತದೆ. ಕೊನೆಗೆ ಕ್ಯಾಲಿಫೋರ್ನಿಯಾ ಮೂಲದ ನಿವ್ವಳ ಆದಾಯ 870 ಡಾಲರ್.

ನೋಡಿ, 3,000 ಇದ್ದದ್ದು 870 ಆಯಿತು. 7 ಶೇಕಡಾ ಹಿಡಿದದ್ದು 3,000ದ ಮೇಲೆ. ತೆರಿಗೆ ಬೀಳುವುದು 870ರ ಮೇಲೆ. ಅದಕ್ಕೇ ಫೈಲ್ ಮಾಡಬೇಕು ಅನ್ನುವುದು.

ದರ ಎಷ್ಟು? ಇಲ್ಲಿ ಕ್ಯಾಲಿಫೋರ್ನಿಯಾ ಒಂದು ಜಾಣತನ ಮಾಡುತ್ತದೆ. 870 ಡಾಲರ್ ಚಿಲ್ಲರೆ ದುಡ್ಡು, ಕೆಳಗಿನ 1 ಶೇಕಡಾ ದರ ಬೀಳುತ್ತದೆ ಅಂತ ನೀವು ಅಂದುಕೊಂಡಿರುತ್ತೀರಿ. ಅದು ಹಾಗಲ್ಲ. ನೀವು ಜಂಟಿಯಾಗಿ ಫೈಲ್ ಮಾಡುವವರಾದರೆ ನಿಮ್ಮ ಯಜಮಾನರ ಸಂಬಳವನ್ನೂ ಸೇರಿಸಿ, ಇಡೀ ಸಂಸಾರ ಕ್ಯಾಲಿಫೋರ್ನಿಯಾದಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ಆಗುತ್ತಿತ್ತು ಅಂತ ಲೆಕ್ಕ ಹಾಕುತ್ತದೆ. ಅದರ ಸರಾಸರಿ ದರವನ್ನು ಈ ಚಿಕ್ಕ ಮೊತ್ತಕ್ಕೆ ಹಾಕುತ್ತದೆ. ಸಂಸಾರದ ಒಟ್ಟು ಆದಾಯ 1,60,000 ಅಂದುಕೊಂಡರೆ ಸರಾಸರಿ ಸುಮಾರು ನಾಲ್ಕೂವರೆ ಶೇಕಡಾ. ಹಾಗಾಗಿ 870ಕ್ಕೆ ತೆರಿಗೆ 40 ಡಾಲರ್ ಆಸುಪಾಸು. ಯಜಮಾನರ ಸಂಬಳಕ್ಕೆ ಅಲ್ಲಿ ತೆರಿಗೆ ಬೀಳಲ್ಲ, ಅದು ದರ ಗೊತ್ತು ಮಾಡುವುದಕ್ಕೆ ಮಾತ್ರ. ಹೊರ ರಾಜ್ಯದವರ ಫಾರ್ಮ್ 540ಎನ್‌ಆರ್. ಅದನ್ನು ತುಂಬಿದರೆ ಹಿಡಿದ 210ರಲ್ಲಿ ಸುಮಾರು 170 ವಾಪಸ್ ಬರುತ್ತದೆ.

ಈಗ ಮನೆಗೆ ಬನ್ನಿ. ನ್ಯೂಜೆರ್ಸಿ ರಿಟರ್ನ್ಸ್‌ನಲ್ಲಿ ಎಲ್ಲ ಆದಾಯ ಬರುತ್ತದೆ, ಈ 870 ಕೂಡ. ಹಾಗಾದರೆ ಎರಡು ಸಲ ಆಯಿತಲ್ಲ? ಅದಕ್ಕೇ ಶೆಡ್ಯೂಲ್ ಎನ್‌ಜೆ-ಸಿಒಜೆ ಇರುವುದು. ಬೇರೆ ರಾಜ್ಯಕ್ಕೆ ಕಟ್ಟಿದ್ದಕ್ಕೆ ಕ್ರೆಡಿಟ್, ಅಂದರೆ ಇಲ್ಲಿಯ ತೆರಿಗೆಯಲ್ಲಿ ಕಡಿತ, ಕೇಳುವ ಹಾಳೆ. ನ್ಯೂಜೆರ್ಸಿ ಎರಡು ಅಂಕಿ ನೋಡುತ್ತದೆ. ಒಂದು, ಕ್ಯಾಲಿಫೋರ್ನಿಯಾಕ್ಕೆ ನಿಜವಾಗಿ ಬಿದ್ದ ತೆರಿಗೆ, 40. ಇನ್ನೊಂದು, ಅದೇ 870ಕ್ಕೆ ನ್ಯೂಜೆರ್ಸಿಯ ಲೆಕ್ಕದಲ್ಲಿ ಬೀಳುವ ಪಾಲು. ನಿಮ್ಮ ಆದಾಯಕ್ಕೆ ಇಲ್ಲಿಯ ಸರಾಸರಿ ದರ ಕಡಿಮೆ, ಸುಮಾರು 33 ಡಾಲರ್ ಆಗುತ್ತದೆ. ಎರಡರಲ್ಲಿ ಯಾವುದು ಚಿಕ್ಕದೋ ಅಷ್ಟು ಕ್ರೆಡಿಟ್. ಅಂದರೆ 33. ಉಳಿದ 7 ಡಾಲರ್ ನಿಮ್ಮ ಕೈಯಿಂದ. ಎರಡು ಸಲ ಕಟ್ಟುವುದು ಅಂದರೆ ಇಷ್ಟೇ. ಎರಡು ರಾಜ್ಯಗಳಲ್ಲಿ ಯಾವುದರ ದರ ಜಾಸ್ತಿಯೋ ಅಷ್ಟು ಕಟ್ಟುತ್ತೀರಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬ ಮೃದಂಗ ವಾದಕರ ರಿಟರ್ನ್ಸ್ ಮಾಡುತ್ತಿದ್ದೆ. ಮನೆ ರಾಜ್ಯದ್ದು ಮೊದಲು ಮುಗಿಸಿದೆ. ಕ್ರೆಡಿಟ್ ಜಾಗದಲ್ಲಿ ಹೊರ ರಾಜ್ಯ ಹಿಡಿದ ಮೊತ್ತವನ್ನೇ ಬರೆದೆ. ಆಮೇಲೆ ಹೊರ ರಾಜ್ಯದ ಫಾರ್ಮ್ ತುಂಬಿ ಅದೇ ದುಡ್ಡನ್ನು ರೀಫಂಡ್ ಕೂಡ ತರಿಸಿಕೊಟ್ಟೆ. ಅವರು ಖುಷಿಯಾಗಿ ಫೋನ್ ಮಾಡಿ ಹೊಗಳಿದರು. ಒಂದೂವರೆ ವರ್ಷ ಆದ ಮೇಲೆ ಮನೆ ರಾಜ್ಯದಿಂದ ಕಾಗದ ಬಂತು, ಆ ರಾಜ್ಯದ ರಿಟರ್ನ್ಸ್ ಕಾಪಿ ಕಳಿಸಿ ಅಂತ. ಕಾಪಿ ನೋಡಿದಾಗ ನನ್ನ ಮುಖ ಸಣ್ಣದಾಯಿತು. ವ್ಯತ್ಯಾಸದ ದುಡ್ಡು ಅವರು ಕಟ್ಟಿದರು, ಬಡ್ಡಿ ನಾನು ಕಟ್ಟಿದೆ. ಅವತ್ತಿನಿಂದ ನನ್ನ ಮೇಜಿನ ಕ್ರಮ ಒಂದೇ: ಮೊದಲು ಫೆಡರಲ್, ಆಮೇಲೆ ಹಾಡಿದ ಊರುಗಳು, ಎಲ್ಲಕ್ಕಿಂತ ಕೊನೆಗೆ ಮನೆ. ಸಾಫ್ಟ್‌ವೇರ್‌ನಲ್ಲಿ ಮಾಡಿದರೂ ಇದೇ ಕ್ರಮದಲ್ಲಿ ಹೋಗಿ. ಕ್ರೆಡಿಟ್ ಜಾಗದಲ್ಲಿ ಹಿಡಿದ ದುಡ್ಡನ್ನು ಬರೆಯಬೇಡಿ, ಆ ರಾಜ್ಯದ ರಿಟರ್ನ್ಸ್‌ನಲ್ಲಿ ಕೊನೆಗೆ ಬಂದ ತೆರಿಗೆಯನ್ನು ಬರೆಯಿರಿ.

ಈ ಕ್ರೆಡಿಟ್ ರಾಜ್ಯಗಳು ಕೊಡುವ ದಾನ ಅಲ್ಲ. ಮೇರಿಲ್ಯಾಂಡ್ ತನ್ನ ಕೌಂಟಿ ತೆರಿಗೆಗೆ ಇಂಥ ಕ್ರೆಡಿಟ್ ಕೊಡುತ್ತಿರಲಿಲ್ಲ. ವಿನ್ ಅನ್ನುವ ದಂಪತಿ ಕೋರ್ಟ್‌ಗೆ ಹೋದರು. 2015ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಇನ್ನೊಂದು ಮಾತು. ವರ್ಜೀನಿಯಾ, ಆರಿಜೋನಾ, ಒರೆಗಾನ್‌ನಲ್ಲಿ ಇರುವವರು ಕ್ಯಾಲಿಫೋರ್ನಿಯಾದಲ್ಲಿ ಹಾಡಿದ್ದರೆ ಈ ಕ್ರಮ ತಿರುಗುಮುರುಗು. ಅವರು ಕ್ರೆಡಿಟ್ಟನ್ನು ಕ್ಯಾಲಿಫೋರ್ನಿಯಾದ ರಿಟರ್ನ್ಸ್‌ನಲ್ಲಿ ಕೇಳಬೇಕು. ಟೆಕ್ಸಾಸ್, ಫ್ಲಾರಿಡಾದವರಿಗೆ ಕ್ರೆಡಿಟ್ಟೇ ಇಲ್ಲ, ಯಾಕೆಂದರೆ ಮನೆಯಲ್ಲಿ ಕಳೆಯುವುದಕ್ಕೆ ತೆರಿಗೆಯೇ ಇಲ್ಲ. ಡಾಲಸ್‌ನ ಕಲಾವಿದರಿಗೆ ಹೊರಗೆ ಕಟ್ಟಿದ್ದು ಪೂರ್ತಿ ಖರ್ಚು.

ಉಳಿದ ರಾಜ್ಯಗಳನ್ನು ಬೇಗ ನೋಡಿಬಿಡೋಣ.

ಪೆನ್ಸಿಲ್ವೇನಿಯಾದಲ್ಲಿ ಎಲ್ಲರಿಗೂ ಒಂದೇ ದರ, 3.07 ಶೇಕಡಾ. ನಿಮಗೆ ಯಾರಾದರೂ ಹೇಳಿರುತ್ತಾರೆ, ನ್ಯೂಜೆರ್ಸಿಗೂ ಪೆನ್ಸಿಲ್ವೇನಿಯಾಕ್ಕೂ ಒಪ್ಪಂದ ಇದೆ, ಅಲ್ಲಿ ಫೈಲ್ ಮಾಡುವುದು ಬೇಡ ಅಂತ. ಒಪ್ಪಂದ ಇರುವುದು ನಿಜ. ಅದು ಸಂಬಳದವರಿಗೆ ಮಾತ್ರ. ಕಚೇರಿ ಸಂಭಾವನೆ ಸಂಬಳ ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ವರ್ಷಗಟ್ಟಲೆ ಫೈಲ್ ಮಾಡದವರನ್ನು ನಾನು ಬಲ್ಲೆ. ಅಲ್ಲಿ ಫೈಲ್ ಮಾಡಲು ಆದಾಯದ ಮಿತಿ ಎಷ್ಟು ಗೊತ್ತಾ? 33 ಡಾಲರ್. ಖರ್ಚು ಕಳೆದು ನಿಮಗೆ 700 ಉಳಿದಿದ್ದರೆ ತೆರಿಗೆ ಇಪ್ಪತ್ತೊಂದು ಡಾಲರ್ ಚಿಲ್ಲರೆ. ಅದಕ್ಕೆ ಸಾಫ್ಟ್‌ವೇರ್‌ನವರು ರಾಜ್ಯಕ್ಕೆ ಇಷ್ಟು ಅಂತ ಕೇಳುವ ಫೀಸೇ ಜಾಸ್ತಿ ಆಗಬಹುದು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಆದರೆ ಪೆನ್ಸಿಲ್ವೇನಿಯಾ ತನ್ನ ಸ್ವಂತ ಜಾಲತಾಣದಲ್ಲೇ ದುಡ್ಡಿಲ್ಲದೆ ಫೈಲ್ ಮಾಡಲು ಬಿಡುತ್ತದೆ. ಫಾರ್ಮ್ ಪಿಎ-40 ಅಷ್ಟೇನೂ ಕಷ್ಟ ಇಲ್ಲ.

ನ್ಯೂಯಾರ್ಕ್‌ನಲ್ಲಿ ಫಾರ್ಮ್ ಐಟಿ-203. ಅಲ್ಲಿ 14 ದಿನ ಮೀರದಿದ್ದರೆ ಏನೂ ಇಲ್ಲ ಅನ್ನುವ ಮಾತು ಕೇಳಿರುತ್ತೀರಿ. ಅದು ನೌಕರರ ಸಂಬಳದಲ್ಲಿ ಕಂಪನಿ ತೆರಿಗೆ ಹಿಡಿಯುವ ಬಗ್ಗೆ ಇರುವ ನಿಯಮ. ನೀವು ಫೈಲ್ ಮಾಡಬೇಕೋ ಬೇಡವೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಜಂಟಿ ಫೈಲಿಂಗ್‌ನಲ್ಲಿ ನಿಮ್ಮ ಒಟ್ಟು ಆದಾಯ 16,050 ಮೀರಿದ್ದು, ಅಲ್ಲಿ ಒಂದು ಕಚೇರಿಯ ಆದಾಯ ಇದ್ದರೂ ಫೈಲ್ ಮಾಡಬೇಕು. ಒಟ್ಟು ಆದಾಯ ಅಂದರೆ ಎಲ್ಲ ಕಡೆಯದು, ನ್ಯೂಯಾರ್ಕ್‌ನದು ಮಾತ್ರ ಅಲ್ಲ. ಲೆಕ್ಕದ ಜಾಣತನ ಕ್ಯಾಲಿಫೋರ್ನಿಯಾದ ಥರವೇ. ಇಲಿನಾಯ್‌ನಲ್ಲಿ 4.95 ಶೇಕಡಾ ಒಂದೇ ದರ, ಐಎಲ್-1040 ಜೊತೆ ಶೆಡ್ಯೂಲ್ ಎನ್‌ಆರ್.

ಒಹಾಯೊ ಮಜವಾದ ರಾಜ್ಯ. ಸ್ವಂತ ವ್ಯವಹಾರದ ಆದಾಯದಲ್ಲಿ ಮೊದಲ 2,50,000 ಡಾಲರ್‌ಗೆ ರಾಜ್ಯ ತೆರಿಗೆ ಹಾಕುವುದೇ ಇಲ್ಲ. ನಿಮ್ಮ ಕಚೇರಿಗೆ ರಾಜ್ಯದ ತೆರಿಗೆ ಸೊನ್ನೆ. ಖುಷಿಪಡುವ ಮುಂಚೆ ಯಾವ ಊರಿನಲ್ಲಿ ಹಾಡಿದಿರಿ ನೋಡಿ. ಅಲ್ಲಿ ಊರುಗಳೇ ಬೇರೆಯಾಗಿ ಆದಾಯ ತೆರಿಗೆ ಹಾಕುತ್ತವೆ. ಕ್ಲೀವ್‌ಲ್ಯಾಂಡ್, ಕೊಲಂಬಸ್ ಎರಡರಲ್ಲೂ 2.5 ಶೇಕಡಾ. ಬೇರೆಯವರು ವರ್ಷಕ್ಕೆ 20 ದಿನದ ತನಕ ಬಂದು ಕೆಲಸ ಮಾಡಿ ಹೋದರೆ ಊರು ಕೇಳುವುದಿಲ್ಲ. ಆದರೆ ಆ ರಿಯಾಯಿತಿಯಲ್ಲಿ ವೃತ್ತಿಪರ ಆಟಗಾರರು ಮತ್ತು ಕಲಾವಿದರನ್ನು ಬಿಟ್ಟಿದ್ದಾರೆ, ಮತ್ತೆ ನಾವೇ! ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ತ್ಯಾಗರಾಜ ಆರಾಧನೆ ನಡೆಯುತ್ತಿದೆ, ನಮ್ಮವರಲ್ಲಿ ಅರ್ಧ ಜನ ಒಂದಲ್ಲ ಒಂದು ವರ್ಷ ಆ ಊರಿಗೆ ಹೋಗಿರುತ್ತಾರೆ. ಸಂಭಾವನೆ ಇಲ್ಲದೆ ಗೋಷ್ಠಿಯಲ್ಲಿ ಕೂತು ಹಾಡಿದ್ದರೆ ಚಿಂತೆ ಇಲ್ಲ. ಸಂಭಾವನೆ ಪಡೆದು ಹಾಡಿದ್ದರೆ ಆ ಊರಿನ ಫಾರ್ಮ್ ನೋಡಿ. ಊರಿಗೆ ಕಟ್ಟಿದ ಆದಾಯ ತೆರಿಗೆಗೂ ನ್ಯೂಜೆರ್ಸಿ ಕ್ರೆಡಿಟ್ ಕೊಡುತ್ತದೆ.

ಮುಂದಿನ ವರ್ಷಕ್ಕೆ ಬೇರೆ ರಾಜ್ಯಗಳಿಂದ ಕರೆ ಬಂದರೆ ಹೊರಡುವ ಮುಂಚೆ ಹಿಡಿತದ ನಿಯಮ, ಅಂದರೆ ಸಂಭಾವನೆಯಲ್ಲಿ ಎಷ್ಟು ತೆರಿಗೆ ಹಿಡಿಯುತ್ತಾರೆ ಅನ್ನುವುದನ್ನು, ಕೇಳಿಟ್ಟುಕೊಳ್ಳಿ. ನಾರ್ತ್ ಕೆರೊಲಿನಾದಲ್ಲಿ 1,500 ಮೀರಿದರೆ 4 ಶೇಕಡಾ. ಕನೆಕ್ಟಿಕಟ್‌ನಲ್ಲಿ 1,000 ಮೀರಿದರೆ 6.99. ಮಿಸೌರಿಯಲ್ಲಿ 300 ಮೀರಿದರೆ 2. ಮಿನಸೋಟಾದ್ದು ಬೇರೆಯೇ ಕಥೆ. ಹೊರಗಿನ ಕಲಾವಿದರಿಗೆ ಅಂತಲೇ 2 ಶೇಕಡಾ ತೆರಿಗೆ ಇದೆ. ಅದು ಒಟ್ಟು ಸಂಭಾವನೆಯ ಮೇಲೆ, ಖರ್ಚು ಕಳೆಯುವಂತಿಲ್ಲ. ಅದನ್ನು ಹಿಡಿದುಕೊಂಡರೆ ಮಾಮೂಲಿ ಆದಾಯ ತೆರಿಗೆಯ ಬದಲು ಅದೇ. ನನಗೆ ಕೇಳಿದರೆ ಎಲ್ಲ ರಾಜ್ಯಗಳೂ ಹೀಗೆ ಮಾಡಿದ್ದರೆ ನಿಮಗೂ ನನಗೂ ಈ ಪತ್ರದ ಕೆಲಸವೇ ಇರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಹಾಡುವುದಾದರೆ ಖರ್ಚಿನ ಅಂದಾಜು ತೋರಿಸಿ ಹಿಡಿತ ಕಡಿಮೆ ಮಾಡಿ ಅಂತ ಫಾರ್ಮ್ 589ರಲ್ಲಿ ಮುಂಚೆಯೇ ಕೇಳಬಹುದು. ಚೆಕ್ ಬರೆದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ಅಂದಹಾಗೆ, ಪಕ್ಕವಾದ್ಯದವರಿಗೆ ನೀವೇ ದುಡ್ಡು ಕೊಡುವುದರಿಂದ ಈ ನಿಯಮಗಳು ನಿಮ್ಮ ಮೇಲೂ ಬರುತ್ತವೆ. ಅಲ್ಲಿಗೆ ಕರೆದುಕೊಂಡು ಹೋದ ಹೊರ ರಾಜ್ಯದ ವಾದಕರಿಗೆ ವರ್ಷದಲ್ಲಿ 1,500 ಮೀರಿ ಕೊಟ್ಟರೆ ಹಿಡಿಯಬೇಕಾದವರು ನೀವು.

ಭಾರತದಿಂದ ಬಂದು ಹೋಗುವ ಕಲಾವಿದರಿಗೆ ಇದೆಲ್ಲದರ ಜೊತೆ ಫೆಡರಲ್ 30 ಶೇಕಡಾ ಹಿಡಿತ ಇದೆ. ಅದು ಬೇರೆಯೇ ವಿಷಯ, ಇನ್ನೊಂದು ಸಲ ಬರೆಯುತ್ತೇನೆ.

ಜೂಮ್ ಶಿಷ್ಯರು. ನ್ಯೂಜೆರ್ಸಿಯ ನಿಮ್ಮ ಕೋಣೆಯಲ್ಲಿ ಕೂತು ಪಾಠ ಮಾಡಿದ್ದರಿಂದ ಅದು ನ್ಯೂಜೆರ್ಸಿ ಆದಾಯ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಡುವಾಗ ನೀವು ಎಲ್ಲಿದ್ದಿರಿ ಅನ್ನುವುದೇ ಲೆಕ್ಕ, ಅಲ್ವಾ? ಆದರೆ ಸ್ವಂತ ವ್ಯವಹಾರದವರ ಸೇವೆಗೆ ಕ್ಯಾಲಿಫೋರ್ನಿಯಾ ಕೇಳುವುದು ಬೇರೆ ಪ್ರಶ್ನೆ: ಅದರ ಪ್ರಯೋಜನ ಪಡೆದವರು ಎಲ್ಲಿದ್ದಾರೆ? ಆ ಲೆಕ್ಕದಲ್ಲಿ ನಿಮ್ಮ ಇಬ್ಬರು ಮಕ್ಕಳ ಫೀಸು ಕ್ಯಾಲಿಫೋರ್ನಿಯಾ ಮೂಲದ್ದು. ಇತ್ತ ನ್ಯೂಜೆರ್ಸಿ, ನನ್ನ ನೆಲದಲ್ಲಿ ಕೂತು ಗಳಿಸಿದ್ದಕ್ಕೆ ಕ್ರೆಡಿಟ್ ಯಾಕೆ ಕೊಡಲಿ ಅನ್ನಬಹುದು. ನಿಜವಾಗಿ ಎರಡು ಸಲ ಬೀಳುವ ಸಾಧ್ಯತೆ ಇರುವುದು ಇಲ್ಲಿ ಮಾತ್ರ. ನಿಮ್ಮದು ಎರಡೇ ಮಕ್ಕಳು, ಮೊತ್ತ ಚಿಕ್ಕದು. ಹೇಗೂ 540ಎನ್‌ಆರ್ ತುಂಬುತ್ತಿದ್ದೀರಿ, ಅದರಲ್ಲೇ ಸೇರಿಸಿ. ಮೇಲಿನ 870ರ ಲೆಕ್ಕಕ್ಕೆ ನಾನು ಅದನ್ನು ಸೇರಿಸಿಲ್ಲ. ಅಲ್ಲಿ ಹದಿನೈದು ಇಪ್ಪತ್ತು ಶಿಷ್ಯರಾದರೆ ಆಗ ಕೂತು ಮಾತಾಡೋಣ.

ಇಷ್ಟು ಚಿಕ್ಕ ಮೊತ್ತಕ್ಕೆ ಯಾರು ಕೇಳುತ್ತಾರೆ, ಬಿಟ್ಟುಬಿಟ್ಟರೆ ಏನಾಗುತ್ತದೆ ಅಂತ ನೀವು ಕೇಳಿಲ್ಲ. ಆದರೂ ಎಲ್ಲರ ಮನಸ್ಸಿನಲ್ಲಿ ಇರುವುದರಿಂದ ಹೇಳುತ್ತೇನೆ. ಬಹಳ ಸಲ ಯಾರೂ ಕೇಳುವುದಿಲ್ಲ. ಆದರೆ 592-ಬಿ, 1099 ಕಾಪಿಗಳು ರಾಜ್ಯದ ಕಂಪ್ಯೂಟರ್‌ನಲ್ಲಿ ಇರುತ್ತವೆ. ಫೈಲ್ ಮಾಡಿದವರ ಮೇಲೆ ಇಷ್ಟು ವರ್ಷದ ನಂತರ ಕೇಳುವಂತಿಲ್ಲ ಅನ್ನುವ ಗಡುವು ಇರುತ್ತದೆ. ಫೈಲೇ ಮಾಡದವರಿಗೆ ಸಾಮಾನ್ಯವಾಗಿ ಆ ಗಡುವು ಶುರುವಾಗುವುದೇ ಇಲ್ಲ. ಹತ್ತು ವರ್ಷದ ನಂತರವೂ ಕಾಗದ ಬರಬಹುದು, ದಂಡ ಬಡ್ಡಿ ಸಮೇತ. ಖರ್ಚು ಕಳೆದು ಏನೂ ಉಳಿಯದ ಕಚೇರಿಗೆ ನಾನು ನಿದ್ದೆಗೆಡುವುದಿಲ್ಲ. ದುಡ್ಡು ಉಳಿದ ಕಚೇರಿಗೆ, ಅದೂ 1099 ಬಂದಿದ್ದರೆ, ಫೈಲ್ ಮಾಡಿ ಅನ್ನುತ್ತೇನೆ. ತೆರಿಗೆ ಬೀಳದಿದ್ದರೂ ದುಡ್ಡು ಹಿಡಿದಿದ್ದರೆ ಖಂಡಿತ ಫೈಲ್ ಮಾಡಿ. ಅಲ್ಲಿರುವುದು ನಿಮ್ಮ ದುಡ್ಡು.

ಇನ್ನು ನಿಮ್ಮ 2023ರ ಆ 140 ಡಾಲರ್. ಅದು ಹೋಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೀಫಂಡ್ ಕೇಳಲು ಮೂಲ ಗಡುವಿನಿಂದ ನಾಲ್ಕು ವರ್ಷ ಸಮಯ ಇದೆ. 2023ರ ರಿಟರ್ನ್ಸ್ ಗಡುವು 2024ರ ಏಪ್ರಿಲ್ 15 ಆಗಿತ್ತು, ಅಂದರೆ 2028ರ ಏಪ್ರಿಲ್ 15ರವರೆಗೆ ಕೇಳಬಹುದು. ಆ ವರ್ಷದ 540ಎನ್‌ಆರ್ ಫಾರ್ಮ್ ಬೇಕು, ಈ ವರ್ಷದ್ದು ನಡೆಯುವುದಿಲ್ಲ. ಅಲ್ಲಿ ಬಿದ್ದ ತೆರಿಗೆಗೆ ನ್ಯೂಜೆರ್ಸಿಯಲ್ಲಿ ಕ್ರೆಡಿಟ್ ಪಡೆಯಲು 2023ರ ರಿಟರ್ನ್ಸ್ ತಿದ್ದಬೇಕು. ಅದಕ್ಕೆ ಮೂರೇ ವರ್ಷ, ಹಾಗಾಗಿ ಎರಡನ್ನೂ ಒಟ್ಟಿಗೆ 2027ರ ಏಪ್ರಿಲ್ ಒಳಗೆ ಮುಗಿಸಿ. ಹಳೇ ಫೈಲ್‌ನಲ್ಲಿ 592-ಬಿ ಸಿಗದಿದ್ದರೆ ಆವತ್ತಿನ ಆಯೋಜಕರಿಗೆ ಒಂದು ಫೋನ್ ಮಾಡಿ. ಕಮಿಟಿ ಬದಲಾಗಿದ್ದರೂ ಹಳೇ ಖಜಾಂಚಿಯ ನಂಬರ್ ಯಾರ ಹತ್ತಿರವಾದರೂ ಇರುತ್ತದೆ.